ತಲೆಬರಹ ಬಿಟ್ಟ ಓದು



ಕಥೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದರೆ ಮುಗಿಯಿತು. ವಿಜ್ಞಾನದ ಪಾಠವನ್ನೋ ಸಮಾಜದ ಪಾಠವನ್ನೋ ಹಾಗೆ ಓದಿದರೆ ಅರ್ಧ ಓದಿದಂತೆ. ಅಲ್ಲಿ ತಲೆಬರಹ, ಉಪಶೀರ್ಷಿಕೆ, ಚಿತ್ರದ ಕೆಳಗಿನ ಸಾಲು, ನಕಾಶೆ, ಕೋಷ್ಟಕ, ಪದಕೋಶ ಇವೆಲ್ಲ ಪಾಠವೇ. ಆದರೆ ನಮ್ಮ ತರಗತಿಗಳಲ್ಲಿ ಓದುವುದೆಂದರೆ ಬಹುಪಾಲು ಒಂದು ಮಗು ಎದ್ದು ನಿಂತು ಮೊದಲ ಪ್ಯಾರಾದಿಂದ ಗಟ್ಟಿಯಾಗಿ ಓದುವುದು. ನಕಾಶೆಯನ್ನು ಗಟ್ಟಿಯಾಗಿ ಓದಲು ಬರುವುದಿಲ್ಲವಲ್ಲ, ಹಾಗಾಗಿ ಅದು ಬಿಟ್ಟೇ ಹೋಗುತ್ತದೆ.

ಶೀರ್ಷಿಕೆಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ 1972ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಪ್ರಕಟಿಸಿದ ಒಂದು ಪ್ರಯೋಗ ಒಳ್ಳೆಯ ಸಾಕ್ಷಿ. ವಸ್ತುಗಳನ್ನು ಗುಂಪು ಮಾಡಿ, ಒಮ್ಮೆಗೇ ಅತಿಯಾಗಿ ಹಾಕಬೇಡಿ, ಮುಗಿದ ಮೇಲೆ ಮತ್ತೆ ಗುಂಪು ಮಾಡಿ ಎಂಬಂಥ ಮಾತುಗಳ ಒಂದು ಪ್ಯಾರಾವನ್ನು ಅವರು ಕೇಳಿಸಿದರು. ಪದಗಳೆಲ್ಲ ಸರಳ, ಆದರೂ ತಲೆಬುಡ ತಿಳಿಯದು. ಅದು ಬಟ್ಟೆ ಒಗೆಯುವ ವಿಷಯ ಎಂದು ಮೊದಲೇ ಹೇಳಿಸಿಕೊಂಡವರು 18 ಅಂಶಗಳಲ್ಲಿ ಸರಾಸರಿ ಸುಮಾರು 6 ನೆನಪಿಟ್ಟುಕೊಂಡರು. ಹೇಳಿಸಿಕೊಳ್ಳದವರು 3ನ್ನೂ ಮುಟ್ಟಲಿಲ್ಲ. ಕುತೂಹಲದ ಸಂಗತಿಯೆಂದರೆ, ಕೇಳಿ ಮುಗಿದ ಮೇಲೆ ವಿಷಯ ತಿಳಿದವರದೂ ಅದೇ ಪಾಡು! ಪಾಠ ಮುಗಿಸಿ ಹಲಗೆಯ ಮೇಲೆ ಸಾರಾಂಶ ಬರೆಸುವ ನಮ್ಮ ಪದ್ಧತಿ ಇದನ್ನು ಗಮನಿಸಬೇಕು.

ವಿಷಯವನ್ನು ಮೊದಲೇ ತಿಳಿಸುವುದು ನಮಗೇನೂ ಹೊಸದಲ್ಲ. ಕುಮಾರವ್ಯಾಸನ ಸಂಧಿಗಳು ಶುರುವಾಗುವುದೇ ಸೂಚನೆಯ ಪದ್ಯದಿಂದ, ಲಕ್ಷ್ಮೀಶನಲ್ಲೂ ಹಾಗೆಯೇ. ಮುಂದೆ ಏನಾಗಲಿದೆ ಎಂದು ಮೊದಲೇ ಹೇಳಿದರೆ ಸ್ವಾರಸ್ಯ ಕೆಡುತ್ತದೆಂದು ಆ ಕವಿಗಳು ಭಾವಿಸಲಿಲ್ಲ. ಗಮಕ ಕೇಳಲು ಕೂತ ಅಕ್ಷರ ಬಾರದವರಿಗೂ ಕಥೆಯ ಜಾಡು ಸಿಕ್ಕಿದ್ದು ಹೀಗೆ.

ನಕಾಶೆಯೂ ಹೀಗೆ ಮೊದಲೇ ಜಾಡು ತೋರಿಸಬಲ್ಲದು. ಕಾವೇರಿಯ ಪಾಠವನ್ನೇ ತೆಗೆದುಕೊಳ್ಳಿ. ಹೇಮಾವತಿ, ಶಿಂಷಾ, ಅರ್ಕಾವತಿ ಎಡದಂಡೆಯ ಉಪನದಿಗಳು. ಲಕ್ಷ್ಮಣತೀರ್ಥ, ಕಬಿನಿ ಬಲದಂಡೆಯವು. ಮಗು ಇದನ್ನು ಬಾಯಿಪಾಠ ಮಾಡಿ ವಾರದೊಳಗೆ ಅದಲು ಬದಲು ಮಾಡುತ್ತದೆ. ಪಕ್ಕದಲ್ಲೇ ನಕಾಶೆಯಿದೆ. ತಲಕಾವೇರಿಯ ಮೇಲೆ ಬೆರಳಿಡಿಸಿ, ನೀರು ಹರಿಯುವ ಕಡೆಗೆ ಸರಿಸಲು ಹೇಳಿ. ಪುಟದಲ್ಲಿ ನದಿ ಬಲಕ್ಕೆ ಸಾಗುವುದರಿಂದ ಎಡದಂಡೆ ಮೇಲ್ಗಡೆ ಬರುತ್ತದೆ, ಬಲದಂಡೆ ಕೆಳಗಡೆ. ಬೆರಳು ತಿರುಮಕೂಡಲು ನರಸೀಪುರಕ್ಕೆ ಬಂದಾಗ ಕಬಿನಿ ಕೆಳಗಿನಿಂದ ಬಂದು ಸೇರುವುದು ಕಣ್ಣಿಗೇ ಕಾಣುತ್ತದೆ. ಅರ್ಕಾವತಿ ಮೇಕೆದಾಟಿನ ಸಂಗಮದವರೆಗೆ ಏಕೆ ಕಾಯಬೇಕಾಯಿತು ಎಂದು ಮಗುವೇ ಕೇಳಬಹುದು. ಆಮೇಲೆ ಪ್ಯಾರಾ ಓದಿಸಿ. ಆಗ ಮಗು ತಾನು ಕಂಡದ್ದನ್ನೇ ಓದುತ್ತಿರುತ್ತದೆ.

ಉಪಶೀರ್ಷಿಕೆಯನ್ನು ಪ್ರಶ್ನೆಯಾಗಿ ತಿರುಗಿಸಿಕೊಂಡು ಓದುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲೇ ಪುಸ್ತಕದಲ್ಲಿ ವಿವರಿಸಿದ್ದ. ‘ಮಣ್ಣಿನ ಸವಕಳಿ’ ಎಂದಿದ್ದರೆ ‘ಮಣ್ಣು ಏಕೆ ಸವೆಯುತ್ತದೆ?’ ಎಂದುಕೊಂಡು ಒಳಹೋಗುವುದು. ಖರ್ಚಿಲ್ಲದ ಕೆಲಸ. ಆದರೆ ‘ಪೀಠಿಕೆ’, ‘ಇತರ ವಿಚಾರಗಳು’ ಎಂಬಂಥ ಶೀರ್ಷಿಕೆಯನ್ನು ಯಾವ ಪ್ರಶ್ನೆಯಾಗಿ ತಿರುಗಿಸಲಾದೀತು? ಪಠ್ಯ ಬರೆಯುವವರ ಸೋಮಾರಿತನಕ್ಕೆ ಮಗು ದಂಡ ತೆರಬಾರದು.

ಇನ್ನು ‘ನಿಮಗಿದು ಗೊತ್ತೆ?’ ಎಂಬ ಬಣ್ಣದ ಚೌಕಗಳು. ಇವುಗಳ ಬಗ್ಗೆ ನನಗೆ ಅನುಮಾನವಿದೆ. ಪಾಠಕ್ಕೆ ಸಂಬಂಧವಿಲ್ಲದ ರೋಚಕ ವಿವರ ಮುಖ್ಯ ವಿಷಯದ ನೆನಪನ್ನು ಕುಗ್ಗಿಸಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಎಲ್ಲ ಅಲಂಕಾರವೂ ಆಸರೆಯಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರು ಈ ಸಭೆಯಲ್ಲಿ ಇದ್ದೀರಿ. ನಕಾಶೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಕೇಳುತ್ತೀರಿ, ಸಂತೋಷ. ಮುಂದಿನ ಸಲ ಮಗು ಎಂದೂ ಕಾಣದ ಒಂದು ಕೋಷ್ಟಕವನ್ನೋ ನಕಾಶೆಯನ್ನೋ ಅಚ್ಚು ಹಾಕಿ, ಅದರಿಂದ ಏನು ತಿಳಿಯಿತೆಂದು ಎರಡು ವಾಕ್ಯ ಬರೆಯಲು ಹೇಳಿ. ಅದಕ್ಕೆ ಅಂಕ ಕೊಡಿ. ಅಂಕವಿದ್ದರೆ ತರಗತಿಯಲ್ಲಿ ಅದನ್ನು ಕಲಿಸಲು ಸಮಯ ತಾನಾಗಿ ಸಿಗುತ್ತದೆ.