ಫೋನಿನ ಹಾಡು ಬಾಯಿಗೆ ಬಂತು, ಪುಸ್ತಕದ ಅಕ್ಷರ ಯಾಕೆ ಬರಲಿಲ್ಲ?



ನಾನು ಸಾಹಿತಿಯಲ್ಲ, ಮಾಸ್ತರನೂ ಅಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಮುದ್ರಣಾಲಯದಲ್ಲಿ ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಪಾಂಪ್ಲೆಟ್, ಇಷ್ಟೇ ನನ್ನ ಸಾಹಿತ್ಯ. ಸೇಡಂನ ಸಭೆಯಲ್ಲಿ ಆಡಿದ ಮಾತನ್ನು ಬರೆದು ಕೊಡಬೇಕೆಂದು ಗೆಳೆಯರು ಹಟ ಹಿಡಿದರು. ಎದುರಿಗೆ ನಿಂತು ಮಾತಾಡುತ್ತಿದ್ದೇನೆಂದೇ ತಿಳಿದು ಓದಿ.

ಕಳೆದ ಬೇಸಿಗೆಯಲ್ಲಿ ಚಿತ್ತಾಪುರ ಕಡೆಯ ತಾಯಿಯೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದಿದ್ದರು. ಜೊತೆಗೆ ಆರನೇ ತರಗತಿಯ ಮಗ. ಪ್ರೂಫ್ ಅವನ ಕೈಗೆ ಕೊಟ್ಟು, "ಅಕ್ಕನ ಹೆಸರು ಸರಿ ಅದೇನು ನೋಡಪ್ಪಾ" ಅಂದೆ. ಒತ್ತಕ್ಷರ ಬಂದಲ್ಲಿ ಹುಡುಗನ ಬೆರಳು ನಿಂತುಬಿಟ್ಟಿತು. "ದಿನಾ ಸಾಲಿಗೆ ಹೋಗ್ತಾನ್ರಿ ಅಣ್ಣಾ, ಓದಲಾಕ ಮಾತ್ರ ಬರಂಗಿಲ್ಲ" ಎಂದು ತಾಯಿ ಮುಖ ಸಣ್ಣದು ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಅದೇ ಹುಡುಗ ತಾಯಿಯ ಫೋನ್ ಹಿಡಿದು ತೆಲುಗು ಸಿನಿಮಾ ಹಾಡೊಂದನ್ನು ಒಂದಕ್ಷರ ತಪ್ಪದೆ ಹಾಡಿದ. ನೆನಪಿನ ಶಕ್ತಿ ಇಲ್ಲವೆಂದು ಹೇಳುವಂತಿಲ್ಲ, ಬುದ್ಧಿ ಇಲ್ಲವೆಂದೂ ಹೇಳುವಂತಿಲ್ಲ. ಹಾಗಾದರೆ ತಪ್ಪು ಯಾರದು?

2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ. ಅಂಗಡಿಯ ನಾಮಫಲಕದಲ್ಲಿ ಕನ್ನಡ ಇಲ್ಲವೆಂದು ನಾವು ಬೀದಿಗಿಳಿಯುತ್ತೇವೆ. ಇಳಿಯಲೇಬೇಕು, ನಾನೂ ಇಳಿದಿದ್ದೇನೆ. ಆದರೆ ಆ ಫಲಕ ಓದಲು ಬಾರದ ಕನ್ನಡದ ಕೂಸು ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದರೆ ಯಾರ ವಿರುದ್ಧ ಘೋಷಣೆ ಕೂಗುವುದು?

ಫೋನನ್ನು ಬೈದು ಪ್ರಯೋಜನವಿಲ್ಲ. ಹಾಡು, ಚಿತ್ರ, ಅಕ್ಷರ ಒಂದೇ ಕಡೆ ಇದ್ದರೆ ಮನಸ್ಸಿನಲ್ಲಿ ಕೂಡುತ್ತದೆ ಎಂಬುದು ಈ ನೆಲಕ್ಕೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಗೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಾ? 1990ರ ದಶಕದ ಉತ್ಖನನದಲ್ಲಿ ಅಲ್ಲಿ ಬೌದ್ಧ ಸ್ತೂಪ ಸಿಕ್ಕಿತು. ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ರಾಜ, ರಾಣಿ, ಸೇವಕಿಯರ ಚಿತ್ರ ಕೆತ್ತಿ, ಬ್ರಾಹ್ಮೀ ಲಿಪಿಯಲ್ಲಿ 'ರಾಯೊ ಅಸೋಕೊ' ಎಂದು ಬರೆದಿದ್ದಾರೆ. ಅಶೋಕನ ಚಿತ್ರ, ಜೊತೆಗೆ ಅವನ ಹೆಸರು! ಓದು ಬಂದವನು ಹೆಸರು ಓದಿದ, ಬಾರದವನು ಚಿತ್ರ ನೋಡಿದ. ಅಚ್ಚಿನವನಾದ ನನಗೆ ಅದು ಕಲ್ಲಿನ ಸಚಿತ್ರ ಪುಸ್ತಕದ ಹಾಗೇ ಕಾಣುತ್ತದೆ. ಇತ್ತ ಸೇಡಂ ತಾಲ್ಲೂಕಿನ ಮಳಖೇಡ, ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'ದ ಊರು. ತತ್ವಪದಗಳಂತೂ ನಮ್ಮ ಸೀಮೆಯಲ್ಲಿ ಏಕತಾರಿಯ ಮೇಲೇ ಬದುಕಿದವು. ಕಡಕೋಳ ಮಡಿವಾಳಪ್ಪನವರನ್ನು ನಮ್ಮ ಹಿರಿಯರು ಮೊದಲು ಕೇಳಿದರು, ಆಮೇಲೆ ಓದಿದರು.

ಹಾಗಿದ್ದ ಮೇಲೆ ನಮ್ಮ ಮಕ್ಕಳ ಪುಸ್ತಕ ಯಾಕೆ ಬರೀ ಅಕ್ಷರದ ರಾಶಿಯಾಯಿತು? ಒಂದು ಕಾರಣ ನನ್ನ ಕಸುಬಿನದೇ. ಅಪ್ಪನ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ, ಟ್ರೆಡಲ್ ತುಳಿದು ಮುದ್ರಿಸಬೇಕಿತ್ತು. ಒಂದು ಚಿತ್ರ ಬೇಕೆಂದರೆ ಬ್ಲಾಕ್ ಮಾಡಿಸಬೇಕು, ಅದಕ್ಕೆ ಹೈದರಾಬಾದಿಗೆ ಹೋಗಬೇಕು, ಖರ್ಚು ಬೇರೆ. ಹಾಗಾಗಿ ಚಿತ್ರ ಬಿಟ್ಟೇ ಮುದ್ರಿಸಿದರು. (ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲಪ್ರಪಂಚ' ತಂದರು. ಮುದ್ರಣಾಲಯವನ್ನೂ ನಡೆಸಿದ ಮನುಷ್ಯ ಅವರು. ಆ ಎದೆಗಾರಿಕೆ ಎಲ್ಲರಿಗೂ ಬರುವುದಿಲ್ಲ ಬಿಡಿ.) ಈಗ ಆಫ್‌ಸೆಟ್ ಇದೆ, ಕಂಪ್ಯೂಟರ್ ಇದೆ, ಆ ನೆಪ ಸತ್ತು ಎಷ್ಟೋ ವರ್ಷವಾಯಿತು.

ಆ ಹುಡುಗ ಹೋದ ಮೇಲೆ ನಾನೊಂದು ಕೆಲಸಕ್ಕೆ ಕೈಹಾಕಿದೆ. ನಮ್ಮ ಓಣಿಯ ಮುದುಕಿಯೊಬ್ಬರು ಹಾಡುವ ಬೀಸುವ ಪದ, ಕೂಸು ತೂಗುವ ಪದಗಳನ್ನು ಫೋನಿನಲ್ಲಿ ಹಿಡಿದೆ. ಓಣಿಯ ಮಕ್ಕಳಿಂದಲೇ ಚಿತ್ರ ಬರೆಸಿದೆ. 16 ಪುಟ, ಒಂದು ಫಾರಂ, ನಡುವೆ ಎರಡು ಪಿನ್, 500 ಪ್ರತಿ. ಪುಟಕ್ಕೊಂದು ಕ್ಯೂಆರ್ ಕೋಡ್. ಫೋನ್ ಹಿಡಿದರೆ ಅಜ್ಜಿಯ ದನಿ ಕೇಳಬೇಕು, ಮಗು ಅಕ್ಷರದ ಮೇಲೆ ಬೆರಳಿಟ್ಟು ಜೊತೆಗೆ ಹಾಡಬೇಕು. ವಾಡಿ, ಶಹಾಬಾದಿಗೂ ಗೆಳೆಯರ ಕೈಯಲ್ಲಿ ಕಳಿಸಿದೆ.

ಸೋತದ್ದನ್ನೂ ಹೇಳುತ್ತೇನೆ. ಕೋಡ್ ಮಾಡಿಕೊಟ್ಟ ಪುಕ್ಕಟೆ ಸೇವೆ ಮೂರು ತಿಂಗಳಿಗೆ ದುಡ್ಡು ಕೇಳಿತು, ಕೊಡದಿದ್ದಾಗ ಎಲ್ಲ ಕೋಡೂ ಸತ್ತವು. ಮುದ್ರಿಸಿದ ಕೋಡನ್ನು ತಿದ್ದಲು ಬರುತ್ತದೆಯೇ? ತಾಂಡಾದ ಮಕ್ಕಳ ಮನೆಯಲ್ಲಿ ಫೋನೇ ಇಲ್ಲ, ಇದ್ದರೆ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಫೋನ್ ಇದ್ದ ಮಕ್ಕಳೋ ಅಜ್ಜಿಯ ಹಾಡು ಮುಗಿಯುವ ಮೊದಲೇ ಬೇರೆ ವಿಡಿಯೋಗೆ ಹಾರಿದರು. ಕೊನೆಗೆ ದಾರಿ ತೋರಿಸಿದ್ದು ಸಂತೆಯಲ್ಲಿ ಸಿಗುವ ಸಣ್ಣ ಸ್ಪೀಕರ್. ಹಾಡುಗಳನ್ನು ಮೆಮೊರಿ ಕಾರ್ಡಿಗೆ ಹಾಕಿ ಹಳ್ಳಿಯ ಗ್ರಂಥಾಲಯದಲ್ಲಿಟ್ಟೆವು. ಇಂಟರ್ನೆಟ್ ಬೇಡ, ನೋಡಲು ಪರದೆಯೂ ಇಲ್ಲ. ದನಿ ಪೆಟ್ಟಿಗೆಯಿಂದ, ಕಣ್ಣು ಪುಸ್ತಕದ ಮೇಲೆ.

ಇದು ನನ್ನೊಬ್ಬನ ಹುಚ್ಚಲ್ಲ. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿಯವರು 1996ರಿಂದ ಹೇಳುತ್ತಿರುವುದು ಇದನ್ನೇ: ಟಿವಿಯ ಸಿನಿಮಾ ಹಾಡಿನ ಕೆಳಗೆ ಅದೇ ಭಾಷೆಯ ಅಕ್ಷರ ಹಾಕಿ, ಜನ ಹಾಡುತ್ತಲೇ ಓದು ಕಲಿಯುತ್ತಾರೆ. ಕನ್ನಡದ ಪ್ರತಿ ಹಾಡಿನ ಕೆಳಗೂ ಕನ್ನಡ ಅಕ್ಷರ ಬರಲಿ ಎಂದು ನಾವು ಯಾಕೆ ಹೋರಾಡಬಾರದು? ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ 'ಸ್ಟೋರಿವೀವರ್' ಶುರು ಮಾಡಿದರು. ಅಲ್ಲಿನ ಚಿತ್ರಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಮುದ್ರಿಸಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು, ಪರವಾನಗಿ ನಮೂದಿಸಿದರೆ ಸಾಕು. ನನ್ನಂಥ ಸಣ್ಣ ಮುದ್ರಕನಿಗೆ ಇದಕ್ಕಿಂತ ದೊಡ್ಡ ಬಾಗಿಲು ಯಾವುದು? ಬೆಂಗಳೂರಿನ ಕನ್ನಡದ ಕಥೆಯನ್ನು ನಮ್ಮ ಸೀಮೆಯ ಮಾತಿಗೆ ತಿರುಗಿಸಿದರೂ ಯಾರೂ ತಡೆಯುವುದಿಲ್ಲ. ಚಿಂಚೋಳಿಯ ತಾಂಡಾದ ಮಗುವಿಗೆ ಒಂದು ಸಾಲು ಲಂಬಾಣಿ, ಒಂದು ಸಾಲು ಕನ್ನಡ ಕೊಡಬಹುದು. ಅದರಿಂದ ಕನ್ನಡ ಸೋಲುತ್ತದೆಂದು ಸಭೆಯಲ್ಲಿ ಒಬ್ಬರು ಎದ್ದು ನಿಂತರು. ನಾನು ಒಪ್ಪಲಿಲ್ಲ. ತನ್ನ ಅವ್ವನ ಮಾತಿನ ಕೈ ಹಿಡಿದು ಬಂದ ಮಗುವೇ ಕನ್ನಡದ ಅಂಗಳದಲ್ಲಿ ನಿಲ್ಲುತ್ತದೆ.

ಕಸುಬಿನ ಇನ್ನೊಂದು ಮಾತು. ಪುಸ್ತಕ ಟೈಪ್ ಮಾಡಿಸುವವರು ದಯವಿಟ್ಟು ಯೂನಿಕೋಡ್‌ನಲ್ಲೇ ಮಾಡಿಸಿ. ಹಳೆಯ ಫಾಂಟಿನಲ್ಲಿ ಕೊಟ್ಟ ಕಡತ ಫೋನಿಗೆ ಹೋದರೆ ಇಂಗ್ಲಿಷ್ ಅಕ್ಷರಗಳ ಕಸವಾಗುತ್ತದೆ. ಕಣ್ಣು ಕಾಣದ ಮಗುವಿಗೆ ಫೋನ್ ಅದನ್ನು ಓದಿ ಹೇಳಲಾರದು. ನಮ್ಮ ಡಿಟಿಪಿಯವರ ಸೋಮಾರಿತನ ಇದು, ನನ್ನದೂ ಸೇರಿ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರ 'ಓದುವ ಬೆಳಕು' ಯೋಜನೆಯಿಂದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ನಿಮ್ಮೂರಿನ ಗ್ರಂಥಾಲಯಕ್ಕೆ ನಾಳೆ ಹೋಗಿ ನೋಡಿ: ಮಕ್ಕಳು ಮುಟ್ಟುವ ಎತ್ತರದಲ್ಲಿ ಪುಸ್ತಕ ಇದೆಯೇ, ಬೀಗದ ಕಪಾಟಿನಲ್ಲಿದೆಯೇ? ಬೀಗ ಇದ್ದರೆ ಮೊದಲ ಹೋರಾಟ ಅಲ್ಲೇ.

ಎರಡನೇ ಪುಸ್ತಕದ ಪ್ರೂಫ್ ನನ್ನ ಮೇಜಿನ ಮೇಲಿದೆ. ಅಲಾಯಿ ಪದ, ಜೋಕುಮಾರನ ಪದ ಸಿಕ್ಕಿವೆ; ಚಿಂಚೋಳಿ ಕಡೆಯದು ಇನ್ನೂ ನಾಲ್ಕು ಪುಟ ಖಾಲಿ. ನಿಮ್ಮ ಅವ್ವ, ಆಯಿ ಹಾಡುತ್ತಿದ್ದರೆ ಫೋನಿನಲ್ಲಿ ಹಿಡಿದು ತನ್ನಿ. ಹೆಸರು ಹಾಕಿಯೇ ಮುದ್ರಿಸುತ್ತೇನೆ.