ಸಿ.ಡಿ. ಪ್ಲೇಯರಿಗೆ ತಂತಿಯಿಲ್ಲದ ಹೆಡ್‌ಫೋನು



ನಿಮ್ಮ ಮನೆಯ ಟ್ರಂಕಿನಲ್ಲಿ ಅಂಗೈಗಿಂತ ತುಸು ದೊಡ್ಡದಾದ ಸಿ.ಡಿ. ಪ್ಲೇಯರ್ ಬಿದ್ದಿದ್ದರೆ ಗುಜರಿಯವನಿಗೆ ಕೊಟ್ಟುಬಿಡಬೇಡಿ. ಎರಡು ಸೆಲ್ಲು ಹಾಕಿ ನೋಡಿ. ಒಳಗೆ ತಟ್ಟೆ ತಿರುಗಿದರೆ ಅದಕ್ಕೆ ಇನ್ನೂ ಆಯುಷ್ಯವಿದೆ ಎಂದೇ ಅರ್ಥ.

ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಕೈಯಲ್ಲಿ ಹಿಡಿದು ಒಯ್ಯುವಂಥ ಪ್ಲೇಯರನ್ನು ಸೋನಿಯವರು 1984ರಲ್ಲಿ ತಂದರು. ನಮ್ಮ ಅಕ್ಕಲಕೋಟ ಕಡೆಯ ಹಳ್ಳಿಗಳಿಗೆ ಅದು ಬಂದದ್ದು ಎಷ್ಟೋ ವರ್ಷಗಳ ನಂತರ. ನನ್ನದನ್ನು ನಾನು ಬ್ಯಾಂಕಿನ ಬೋನಸ್ಸಿನಲ್ಲಿ ಕೊಂಡೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳ ಸಿ.ಡಿ. ಅದರ ಜೊತೆಯಲ್ಲೇ ಬಂತು.

ಈಚೆಗೆ ಮಗ ಪುಣೆಯಿಂದ ತಂತಿಯಿಲ್ಲದ ಹೆಡ್‌ಫೋನು ತಂದುಕೊಟ್ಟ. ಕಿವಿಗೆ ಹಾಕಿಕೊಂಡು ಪ್ಲೇಯರಿನ ಗುಂಡಿ ಒತ್ತಿದೆ. ತಟ್ಟೆ ತಿರುಗಿತು, ಹಾಡು ಬರಲಿಲ್ಲ. ಹೆಡ್‌ಫೋನೇ ಕೆಟ್ಟಿದೆ ಎಂದು ಒಂದು ಸಂಜೆಯೆಲ್ಲ ಅದನ್ನು ಬೈದೆ. ತಪ್ಪು ಅದರದಲ್ಲ. ಹಳೆಯ ಪ್ಲೇಯರಿಗೆ ಬ್ಲೂಟೂತ್ ಎಂಬುದೇ ಇಲ್ಲ. ಅದಕ್ಕೆ ತಂತಿಯ ಮೂಲಕ ಮಾತಾಡುವುದಷ್ಟೇ ಗೊತ್ತು. ಹೆಡ್‌ಫೋನಿನ ತಂತಿ ಸಿಕ್ಕಿಸುವ ಸಣ್ಣ ತೂತಿಗೆ ಬ್ಲೂಟೂತ್ ಟ್ರಾನ್ಸ್‌ಮಿಟರ್ ಎಂಬ ಬೆಂಕಿಪೊಟ್ಟಣದಷ್ಟು ಸಾಧನವನ್ನು ಜೋಡಿಸಬೇಕು. ಅಂಗಡಿಯಲ್ಲಿ ಕೇಳುವಾಗ 'ಟ್ರಾನ್ಸ್‌ಮಿಟರ್' ಎಂದೇ ಒತ್ತಿ ಹೇಳಿ. ನನಗೆ ಮೊದಲು 'ರಿಸೀವರ್' ಕೊಟ್ಟು ಕಳಿಸಿದ್ದರು. ಅದು ಹಾಡನ್ನು ತೆಗೆದುಕೊಳ್ಳುತ್ತದೆಯೇ ಹೊರತು ಕಳಿಸುವುದಿಲ್ಲ.

ಇನ್ನು ಜೋಡಣೆ. ಹಿಂದೆ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಲು ಹಳೆಯ ಖಾತೆದಾರರ ಪರಿಚಯದ ಸಹಿ ಬೇಕಿತ್ತು, ನೆನಪಿದೆಯೇ? ಇದೂ ಹಾಗೆಯೇ. ಎರಡನ್ನೂ ಹತ್ತಿರ ಇಟ್ಟು, ಎರಡರ ಗುಂಡಿಯನ್ನೂ ದೀಪ ಬೇಗಬೇಗ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಪರಿಚಯವಾದ ಮೇಲೆ ದೀಪ ಶಾಂತವಾಗುತ್ತದೆ. ಮರುದಿನದಿಂದ ಒಂದನ್ನೊಂದು ತಾವೇ ಗುರುತಿಸುತ್ತವೆ. ಆದರೆ ಅದೇ ಹೆಡ್‌ಫೋನು ಮೊದಲೇ ಯಾರದಾದರೂ ಮೊಬೈಲಿನ ಪರಿಚಯ ಮಾಡಿಕೊಂಡಿದ್ದರೆ ಅತ್ತ ಓಡುತ್ತದೆ. ನನ್ನ ಕಿವಿಯಲ್ಲಿ ವಚನದ ಬದಲು ಸೊಸೆಯ ಮೊಬೈಲಿನ ಅಡುಗೆ ಪಾಠ ಬಂತು. ಆ ಮೊಬೈಲಿನ ಬ್ಲೂಟೂತ್ ಆರಿಸಿಬಿಡಿ.

ಪ್ಲೇಯರಿನ ಧ್ವನಿಯನ್ನು ಪೂರ್ತಿ ಏರಿಸಬೇಡಿ, ಸ್ವರ ಒಡೆಯುತ್ತದೆ. ಮುಕ್ಕಾಲಿಗೆ ಇಟ್ಟು, ಉಳಿದದ್ದನ್ನು ಹೆಡ್‌ಫೋನಿನಲ್ಲಿ ಹೊಂದಿಸಿಕೊಳ್ಳಿ. ಮನೆಯವರು ಕರೆದದ್ದು ಕೇಳಿಸದಷ್ಟು ಜೋರು ಬೇಡವೇ ಬೇಡ. ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಅದಕ್ಕಿಂತ ಹೆಚ್ಚು ಕಿವಿಗೆ ಒಳ್ಳೆಯದಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ವಯಸ್ಸಿನವರಿಗೆ ಇರುವ ಕಿವಿಯೇ ಬಂಡವಾಳ.

ಲಾಭವೇನು ಎನ್ನುತ್ತೀರಾ? ಸಿ.ಡಿ. ಪ್ಲೇಯರನ್ನು ಕೈಯಲ್ಲಿ ಹಿಡಿದು ನಡೆದರೆ ಅಲುಗಾಟಕ್ಕೆ ಹಾಡು ಜಿಗಿಯುತ್ತದೆ. ಈಗ ಅದು ಮೇಜಿನ ಮೇಲೆ ಅಲುಗದೆ ಕೂತಿರುತ್ತದೆ, ನಾನು ಅಂಗಳದಲ್ಲಿ ಅಡ್ಡಾಡುತ್ತೇನೆ. ಸುಮಾರು 10 ಮೀಟರಿನವರೆಗೆ ಕೇಳುತ್ತದೆ. ನಮ್ಮಂಥ ದಪ್ಪ ಮಣ್ಣಿನ ಗೋಡೆ ಅಡ್ಡ ಬಂದರೆ ಅಷ್ಟೂ ಇಲ್ಲ. ತಂತಿ ಹೋಯಿತೆಂದು ಹಿಗ್ಗಬೇಡಿ, ಚಾರ್ಜು ಮಾಡುವ ವಸ್ತುಗಳು ಎರಡು ಹೆಚ್ಚಾದವು.

ರಾತ್ರಿ ನಡುಮನೆಯಲ್ಲಿ ಟಿ.ವಿ.ಯ ಮರಾಠಿ ಧಾರಾವಾಹಿ, ನನ್ನ ಕಿವಿಯಲ್ಲಿ ಮನ್ಸೂರರು. ಜಗಳವಿಲ್ಲ, ಮನೆ ತಣ್ಣಗಿತ್ತು. ಮೂರು ವಾರ ಕಳೆದಿರಬೇಕು. ಮೊಮ್ಮಗಳು, ಮರಾಠಿ ಶಾಲೆಯಲ್ಲಿ ಮೂರನೆಯ ಇಯತ್ತೆ, ಹತ್ತಿರ ಬಂದು ಕೇಳಿದಳು: "ಆಜೋಬಾ, ನೀವು ಈಗ ಹಾಡು ಕೇಳೂದು ಬಿಟ್ಟೀರೇನು?"

ಈ ಹುಡುಗಿಗೆ ಕನ್ನಡ ಅಕ್ಷರ ಬಾರದು. ಆದರೂ ನಾಲ್ಕಾರು ವಚನ ಬಾಯಿಪಾಠ. ಯಾರೂ ಕಲಿಸಿದ್ದಲ್ಲ, ಪ್ಲೇಯರನ್ನು ಸ್ಪೀಕರಿಗೆ ಹಚ್ಚಿದಾಗ ಆಡುತ್ತ ಆಡುತ್ತ ಕೇಳಿ ಬಂದದ್ದು. ನಮ್ಮ ಮನೆಯಲ್ಲಿ ಮಾತಿನ ಹೊರತು ಕನ್ನಡವೆಂದರೆ ಅದೊಂದೇ. ಅದನ್ನು ನಾನು ನನ್ನ ಎರಡು ಕಿವಿಯೊಳಗೆ ಇಟ್ಟು ಬೀಗ ಹಾಕಿದ್ದೆ.

ಮರುದಿನ ಬೆಳಿಗ್ಗೆ ಟ್ರಾನ್ಸ್‌ಮಿಟರ್ ಕಿತ್ತು, ಅದೇ ತೂತಿಗೆ ಹಳೆಯ ಸ್ಪೀಕರಿನ ತಂತಿ ಹಚ್ಚಿದೆ. ಈಗ ಶಾಲೆಗೆ ಹೊರಡುವ ಮುಂಚೆ ಅರ್ಧ ತಾಸು ಹಾಡು ಎಲ್ಲರಿಗೂ. ಹೆಡ್‌ಫೋನು ರಾತ್ರಿ ಊಟವಾದ ಮೇಲೆ. ತಟ್ಟೆ ಒರೆಸುವ ಕೆಲಸ ಮೊಮ್ಮಗಳದೇ: ಮೆತ್ತನೆಯ ಬಟ್ಟೆಯಿಂದ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಿಸಿ ಒರೆಸಿದರೆ ಗೀರು ಹಾಡಿನ ಗುಂಟ ಬೀಳುತ್ತದೆ. ಮೊನ್ನೆ ಅವಳು ತಟ್ಟೆಯ ಮೇಲಿನ ಕನ್ನಡ ಅಕ್ಷರ ತೋರಿಸಿ, ಇದು ಏನು ಎಂದು ಕೇಳಿದಳು. 'ಮ' ಎಂದೆ.