ಕೊಂಡಿ ಕಳಚಿದ ರೋಗಾಣು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಡೆಯುವವನ ಕಣ್ಣು ಗೋಳಗುಮ್ಮಟವನ್ನು ತಪ್ಪಿಸಿಕೊಳ್ಳಲಾರದು. ನನಗಂತೂ ಅಲ್ಲಿ ಪ್ರತಿಧ್ವನಿಗಿಂತ ಮೊದಲು ಪ್ಲೇಗು ನೆನಪಾಗುತ್ತದೆ. ಔರಂಗಜೇಬನು 1686ರಲ್ಲಿ ಈ ನಗರವನ್ನು ಗೆದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಇಲ್ಲಿ ಮಹಾಮಾರಿ ಹೊಕ್ಕಿತು. ಬಾದಶಹನ ಪತ್ನಿ ಔರಂಗಾಬಾದಿ ಮಹಲಳೂ 1688ರಲ್ಲಿ ಇಲ್ಲಿಯೇ ತೀರಿಕೊಂಡಳು. ಮುಲ್ಕ್-ಎ-ಮೈದಾನದಂಥ ತೋಪುಳ್ಳ ಊರಿನಲ್ಲಿ ಗೆದ್ದ ದೊರೆಯ ಅಂತಃಪುರವನ್ನು ಹೊಕ್ಕದ್ದು ಮಿಲಿಮೀಟರಿನ ಸಾವಿರದ ಒಂದೆರಡು ಪಾಲಿನಷ್ಟು ಉದ್ದದ ಜೀವಿ. ಅದೇ ರೋಗ 1896ರಲ್ಲಿ ಮುಂಬಯಿಗೆ ಬಂದು, ಮುಂದೆ ಕನ್ನಡ ಸೀಮೆಗೂ ಇಳಿಯಿತು. ಇಲಿ ಸತ್ತುಬಿದ್ದರೆ ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಬೇಕೆಂಬುದನ್ನು ನಮ್ಮ ಹಿರಿಯರು ಆಗ ಕಲಿತರು.

ರೋಗಾಣು ಮೊದಲು ಅಂಟಿಕೊಳ್ಳಬೇಕು. ಕರುಳಿನಲ್ಲಿ ಅನ್ನರಸ ಹರಿಯುತ್ತದೆ, ಮೂತ್ರನಾಳದಲ್ಲಿ ಮೂತ್ರ, ಹಿಡಿತವಿಲ್ಲದ್ದು ಕೊಚ್ಚಿಹೋಗುತ್ತದೆ. ಅದಕ್ಕೆಂದೇ ಅದರ ಮೈಮೇಲೆ ಕೆಲವು ಪ್ರೋಟೀನುಗಳಿರುತ್ತವೆ, ಇವನ್ನು ಅಡ್ಹೆಸಿನ್‌ಗಳೆನ್ನುತ್ತಾರೆ. ಉತ್ತರಾಣಿ ಧೋತರದ ಅಂಚಿಗೆ ಹತ್ತಿದಂತೆ ಎಂದರೆ ಅರ್ಧ ಸತ್ಯ. ಉತ್ತರಾಣಿಗೆ ಯಾವ ಬಟ್ಟೆಯಾದರೂ ಆದೀತು. ಅಡ್ಹೆಸಿನ್ನು ನಮ್ಮ ಜೀವಕೋಶದ ಮೇಲೆ ತನಗೊಪ್ಪುವ ಅಣುವನ್ನೇ ಅರಸಿ ಹಿಡಿಯುತ್ತದೆ.

ಹಾಗಾದರೆ ಹಿಡಿತ ಹೆಚ್ಚಿದಷ್ಟೂ ಕೇಡು ಹೆಚ್ಚೇ? ಪ್ಲೇಗಿನ ವಂಶಚರಿತ್ರೆ ಇದನ್ನು ಒಪ್ಪುವುದಿಲ್ಲ. ಕರುಳಿನ ಬೇನೆಯನ್ನು ತರುವ ಒಂದು ರೋಗಾಣುವಿನಿಂದ ಹಲವು ಸಾವಿರ ವರ್ಷಗಳ ಹಿಂದೆ ಕವಲೊಡೆದದ್ದು ಇದು. ಆ ಪೂರ್ವಜನಿಗೆ ಇನ್ವೇಸಿನ್, ಯಾಡ್‌ಎ ಎಂಬ ಎರಡು ಬಲವಾದ ಕೊಂಡಿಗಳುಂಟು. ಪ್ಲೇಗಿನಲ್ಲಿ ಎರಡೂ ಕೆಟ್ಟಿವೆ: ಒಂದರ ಜೀನಿನ ನಡುವೆ ಅಲೆಮಾರಿ ಡಿಎನ್ಎ ತುಣುಕೊಂದು ಸೇರಿಕೊಂಡಿದೆ, ಇನ್ನೊಂದರಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಓಲೆಗರಿಯ ಲಿಪಿಕಾರರ ಕೈತಪ್ಪುಗಳನ್ನು ಬಲ್ಲ ಸಾಹಿತ್ಯಾಸಕ್ತರಿಗೆ ಇದು ತೀರ ಹೊಸತೆನಿಸದು. ಚಿಗಟದ ಕಡಿತದಿಂದ ನೇರವಾಗಿ ಚರ್ಮದೊಳಗೆ ಇಳಿಯುವುದಕ್ಕೆ ಕರುಳಿನ ಬಾಗಿಲ ಬೀಗದಕೈ ಏಕೆ?

ಉಳಿಸಿಕೊಂಡದ್ದು, ಗಳಿಸಿಕೊಂಡದ್ದು ಮಾತ್ರ ಭಯಂಕರ. ಏಲ್ ಎಂಬ ಪುಟ್ಟ ಪ್ರೋಟೀನು ನಮ್ಮ ಜೀವಕೋಶವನ್ನು ಬಿಗಿಹಿಡಿಯುತ್ತದೆ. ಆ ಹಿಡಿತದಲ್ಲಿಯೇ ರೋಗಾಣು ಸೂಜಿಯಂಥ ನಳಿಗೆಯಿಂದ ಒಳಕ್ಕೆ ವಿಷವನ್ನು ಚುಚ್ಚುತ್ತದೆ. ಹೊಸದಾಗಿ ಬಂದ ಪ್ಲಾ ಎಂಬುದು ಅಂಟುತ್ತದೆ, ಕರಗಿಸುತ್ತದೆ ಕೂಡ: ಸೋಂಕು ಹರಡದಂತೆ ದೇಹವು ಕಟ್ಟಿದ ಹೆಪ್ಪಿನ ಒಡ್ಡನ್ನು ಒಡೆಯುವುದು ಇದೇ. 1992ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪ್ಲಾ ಇಲ್ಲದ ರೋಗಾಣುವನ್ನು ಚಿಟ್ಟಿಲಿಗಳ ಚರ್ಮದಡಿ ಚುಚ್ಚಿದಾಗ, ಕೊಲ್ಲುವುದಕ್ಕೆ ಸುಮಾರು 10 ಲಕ್ಷ ಪಟ್ಟು ಹೆಚ್ಚು ಬೇಕಾಯಿತು.

ಸ್ಟ್ರೆಪ್ಟೊಮೈಸಿನ್ನಿನಂಥ ಔಷಧ ವೇಳೆಗೆ ದೊರೆತರೆ ಇಂದು ಪ್ಲೇಗಿನ ರೋಗಿ ಸಾಮಾನ್ಯವಾಗಿ ಬದುಕುತ್ತಾನೆ. ಅದು ರೋಗಾಣುವನ್ನು ಕೊಲ್ಲುವ ಮದ್ದು. ಕೊಲ್ಲದೆ, ಹಿಡಿತವನ್ನಷ್ಟೇ ಬಿಡಿಸುವ ಮದ್ದಿನ ಹುಡುಕಾಟವೂ ನಡೆದಿದೆ, ಸದ್ಯಕ್ಕೆ ಮುಖ್ಯವಾಗಿ ಮೂತ್ರನಾಳದ ಸೋಂಕಿಗಾಗಿ.